ಆರು ಗೆಲುವು ಮತ್ತು ದುಡ್ಡಿನ ಪಟ್ಟಿ

2022ರ ಡಿಸೆಂಬರ್‌ನಲ್ಲಿ ಜಮ್ಶೆಡ್‌ಪುರದಲ್ಲಿ ಭಾರತದ ವೃತ್ತಿಪರ ಗಾಲ್ಫ್ ಋತು ಮುಗಿದಾಗ ಗೆದ್ದವರು ಇಬ್ಬರು. ಕೊನೆಯ ಪಂದ್ಯವಾದ ಟಾಟಾ ಸ್ಟೀಲ್ ಟೂರ್ ಚಾಂಪಿಯನ್‌ಷಿಪ್ ಬಿಡದಿಯ ಎಸ್. ಚಿಕ್ಕರಂಗಪ್ಪ ಅವರ ಪಾಲಾಯಿತು. ವರ್ಷದ ಒಟ್ಟು ಗಳಿಕೆಯ ಪಟ್ಟಿಯಲ್ಲಿ, ಅಂದರೆ ಆರ್ಡರ್ ಆಫ್ ಮೆರಿಟ್‌ನಲ್ಲಿ, ಗುರುಗ್ರಾಮದ ಮನು ಗಂಡಾಸ್ ಮೊದಲಿಗರಾದರು. ಇಬ್ಬರೂ ಯೋಗ್ಯರು, ಇಬ್ಬರ ಆಟವೂ ಆ ವರ್ಷದ ಹೆಮ್ಮೆ. ನನ್ನ ತಕರಾರು ಅವರ ಮೇಲಲ್ಲ, ಅವರನ್ನು ಅಳೆದ ಅಳತೆಗೋಲಿನ ಮೇಲೆ. ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ, ಎಲ್ಲರೂ ಪಿಜಿಟಿಐ ಎಂದು ಕರೆಯುವ ನಮ್ಮ ದೇಶದ ಟೂರ್, ಆ ವರ್ಷ ತೋರಿಸಿದ್ದು ಒಂದು, ತಾನು ಎಣಿಸಿಕೊಂಡದ್ದು ಇನ್ನೊಂದು. ಈ ಅಂತರವನ್ನು ಕೊಂಚ ನಿಧಾನವಾಗಿ ನೋಡಬೇಕು ಅನ್ನಿಸುತ್ತದೆ.

ಮೊದಲು ಗಂಡಾಸ್ ಅವರ ವಿಷಯ. ಒಂದೇ ಋತುವಿನಲ್ಲಿ ಆರು ಪಂದ್ಯ ಗೆದ್ದರು. ಕ್ರಿಕೆಟ್ಟನ್ನೋ ಟೆನಿಸನ್ನೋ ನೋಡಿ ಅಭ್ಯಾಸವಿರುವವರಿಗೆ ಈ ಸಂಖ್ಯೆಯ ತೂಕ ಸುಲಭಕ್ಕೆ ತಿಳಿಯುವುದಿಲ್ಲ. ಟೆನಿಸ್‌ನಲ್ಲಿ ಎದುರಾಳಿ ಬಲೆಯಾಚೆ ಕಣ್ಣಿಗೆ ಕಾಣುತ್ತಾನೆ, ಅವನ ದೌರ್ಬಲ್ಯ ನೋಡಿಕೊಂಡು ಆಡಬಹುದು. ಗಾಲ್ಫಿನಲ್ಲಿ ಎದುರಾಳಿಗಳು ನೂರಿಪ್ಪತ್ತಕ್ಕೂ ಹೆಚ್ಚು. ಅವರಲ್ಲಿ ಬಹುತೇಕರನ್ನು ನಾಲ್ಕು ದಿನವೂ ನೋಡುವುದೇ ಇಲ್ಲ. ಬೆಳಿಗ್ಗೆ ಮಂಜಿನಲ್ಲಿ ಆಡಿದವನಿಗೂ ಮಧ್ಯಾಹ್ನ ಗಾಳಿಯಲ್ಲಿ ಆಡಿದವನಿಗೂ ಒಂದೇ ಲೆಕ್ಕ. ಹದಿನೆಂಟು ಕುಳಿಗಳ ನಾಲ್ಕು ಸುತ್ತು, ಒಟ್ಟು ಎಪ್ಪತ್ತೆರಡು ಕುಳಿ. ಎಲ್ಲೋ ಒಂದು ಕಡೆ ಚೆಂಡು ಮರದ ಬೇರಿಗೆ ತಗುಲಿ ಪಕ್ಕಕ್ಕೆ ಹಾರಿದರೆ ನಾಲ್ಕು ದಿನದ ಶ್ರಮ ಹೋಯಿತು. ಜಗತ್ತಿನ ಅತ್ಯುತ್ತಮ ಆಟಗಾರರೂ ಗೆಲ್ಲುವುದಕ್ಕಿಂತ ಸೋಲುವುದೇ ಬಹಳ ಹೆಚ್ಚು. ವರ್ಷಕ್ಕೆ ಎರಡು ಗೆದ್ದರೆ ಅದು ಒಳ್ಳೆಯ ವರ್ಷ. ಆರು ಗೆಲ್ಲುವುದೆಂದರೆ ಆರು ಸಲ, ಆರು ಬೇರೆ ಬೇರೆ ವಾರಗಳಲ್ಲಿ, ಅದೃಷ್ಟದ ಪಾಲನ್ನು ಆಟದ ಪಾಲು ಮೀರಿಸಿತು ಎಂದರ್ಥ. ಪಟ್ಟಿಯಲ್ಲಿ ಬೆನ್ನ ಹಿಂದೆಯೇ ಯುವರಾಜ್ ಸಂಧು ಇದ್ದರು, ಅವರೂ ಗೆಲ್ಲುತ್ತಲೇ ಇದ್ದರು. ಇಬ್ಬರು ಹುಡುಗರು ವಾರದಿಂದ ವಾರಕ್ಕೆ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋದ ಆ ಓಟ ಭಾರತದ ಗಾಲ್ಫಿನಲ್ಲಿ ಅಪರೂಪದ್ದು. ಬೇರೆ ಯಾವುದೇ ಆಟದಲ್ಲಾಗಿದ್ದರೆ ಆ ಪೈಪೋಟಿಯ ಬಗ್ಗೆ ಊರೂರಲ್ಲಿ ಮಾತಾಗುತ್ತಿತ್ತು.

ಆಗಲಿಲ್ಲ. ಯಾಕೆಂದರೆ ನೋಡಿದವರೇ ಇರಲಿಲ್ಲ. ಪಿಜಿಟಿಐ ಪಂದ್ಯಗಳು ಸಾಮಾನ್ಯವಾಗಿ ಮಂಗಳವಾರ ಶುರುವಾಗಿ ಶುಕ್ರವಾರ ಮುಗಿಯುತ್ತವೆ. ಜಗತ್ತಿನ ದೊಡ್ಡ ಟೂರ್‌ಗಳು ಗುರುವಾರ ಶುರು ಮಾಡಿ ಭಾನುವಾರ ಮುಗಿಸುವುದೇ ಜನ ಬರಲಿ, ಟಿವಿ ಮುಂದೆ ಕೂರಲಿ ಎಂದು. ನಮ್ಮಲ್ಲಿ ಶನಿವಾರ, ಭಾನುವಾರ ಮೈದಾನ ಕ್ಲಬ್ಬಿನ ಸದಸ್ಯರದು. ವೃತ್ತಿಪರರು ಸದಸ್ಯರ ಬಿಡುವಿಗೆ ಹೊಂದಿಕೊಂಡು ವಾರದ ನಡುವೆ ಬಂದು, ಆಡಿ, ಸಾಮಾನು ಕಟ್ಟಿಕೊಂಡು ಹೊರಡಬೇಕು. ದೇಶದ ಅಗ್ರ ಟೂರ್ ತನ್ನ ಆಟವನ್ನು ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದಂತೆ ಆಡಬೇಕಾಗಿದೆ: ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಹದಿನೆಂಟನೇ ಗ್ರೀನಿನಲ್ಲಿ ಆರು ಅಡಿಯ ಪುಟ್ ಒಂದು ವರ್ಷದ ಗತಿಯನ್ನೇ ತಿರುಗಿಸುತ್ತಿರುವಾಗ ಸುತ್ತ ನಿಂತಿರುವವರು ಬ್ಯಾಗು ಹೊರುವ ಕ್ಯಾಡಿಗಳು, ಪಂದ್ಯದ ಅಧಿಕಾರಿಗಳು, ಒಬ್ಬಿಬ್ಬರು ಗೆಳೆಯರು. ಶಾಲೆಗೆ ಹೋಗುವ ಮಗು, ಕೆಲಸಕ್ಕೆ ಹೋಗುವ ಅಪ್ಪ ಅಲ್ಲಿರುವುದಾದರೂ ಹೇಗೆ?

ಇದು ಬರೀ ವೇಳಾಪಟ್ಟಿಯ ಸಂಗತಿಯಲ್ಲ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಹುಟ್ಟಿದ್ದು 1829ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ. ಬ್ರಿಟನ್ನಿನ ಹೊರಗೆ ಇಷ್ಟು ಹಳೆಯ ಗಾಲ್ಫ್ ನೆಲ ಹೆಚ್ಚು ದೇಶಗಳಲ್ಲಿಲ್ಲ. ಇಷ್ಟು ಹಿಂದೆಯೇ ಬಂದ ಆಟ ಊರಿನೊಳಗೆ ಇಳಿಯಲೇ ಇಲ್ಲ. ಕಂಟೋನ್ಮೆಂಟಿನ ಬೇಲಿಯೊಳಗೆ, ಕ್ಲಬ್ಬಿನ ಗೇಟಿನೊಳಗೆ ಉಳಿಯಿತು. ಗೇಟಿನಿಂದ ಹೊರಗೆ ಬಂದದ್ದು ಒಂದೇ ದಾರಿಯಲ್ಲಿ, ಬ್ಯಾಗು ಹೊರುವ ಹುಡುಗರ ಕೈಯಲ್ಲಿ.

ಪಿಜಿಟಿಐನ ಯಾವುದೇ ಋತುವಿಗೆ ಬೆಲೆಕಟ್ಟಲು ಹೊರಟವರು ಇಲ್ಲಿ ನಿಲ್ಲಲೇಬೇಕು. ಆ ಹುಡುಗರ ದಾರಿ ಟೂರ್‌ಗಿಂತ ಹಳೆಯದು, ಅದನ್ನು ವೃತ್ತಿಯಾಗಿಸಿದ್ದೇ ಟೂರ್‌ನ ನಿಜವಾದ ಸಾಧನೆ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಅಲಿ ಶೇರ್ ದೆಹಲಿ ಗಾಲ್ಫ್ ಕ್ಲಬ್ಬಿನ ಕ್ಯಾಡಿಯಾಗಿದ್ದವರು. 1993ರಲ್ಲಿ ಅವರು ಅದನ್ನು ಮತ್ತೆ ಗೆದ್ದರು. ಎಸ್.ಎಸ್.ಪಿ. ಚೌರಾಸಿಯಾ ರಾಯಲ್ ಕಲ್ಕತ್ತಾದ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ. 2008ರಲ್ಲಿ ದೆಹಲಿಯಲ್ಲಿ ನಡೆದ ಯುರೋಪಿಯನ್ ಟೂರ್ ಪಂದ್ಯ ಗೆದ್ದರು, 2016 ಮತ್ತು 2017ರಲ್ಲಿ ಸತತವಾಗಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಸಿ. ಮುನಿಯಪ್ಪ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕ್ಯಾಡಿಯಾಗಿದ್ದವರು. 2009ರ ಇಂಡಿಯನ್ ಓಪನ್‌ನಲ್ಲಿ ಕೊರಿಯಾದ ಲೀ ಸಂಗ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಗೆದ್ದರು. ಆ ಗೆಲುವು ನಡೆದು ಇಷ್ಟು ವರ್ಷವಾದರೂ ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. ಮಧ್ಯಪ್ರದೇಶದ ಮಹೂ ದಂಡಿನ ಊರಿನ ಮುಕೇಶ್ ಕುಮಾರ್ 2016ರಲ್ಲಿ, ತಮ್ಮ 51ನೇ ವಯಸ್ಸಿನಲ್ಲಿ, ಏಷ್ಯನ್ ಟೂರ್‌ನ ಪ್ಯಾನಸಾನಿಕ್ ಓಪನ್ ಗೆದ್ದರು. ಗಡಿಯಾಚೆಗೂ ಇದೇ ಕಥೆ. ಢಾಕಾದ ಕುರ್ಮಿಟೋಲಾದಲ್ಲಿ ಚೆಂಡು ಹೆಕ್ಕುತ್ತಿದ್ದ ಸಿದ್ದಿಕುರ್ ರೆಹಮಾನ್ 2013ರ ಇಂಡಿಯನ್ ಓಪನ್ ವಿಜೇತ. ಬಾಂಗ್ಲಾದೇಶ, ಶ್ರೀಲಂಕಾದ ಆಟಗಾರರೂ ಪಿಜಿಟಿಐಯಲ್ಲಿ ಆಡಿ ಬದುಕು ಕಟ್ಟಿಕೊಂಡಿದ್ದಾರೆ.

2006ರಲ್ಲಿ ಆಟಗಾರರೇ ಮುಂದೆ ನಿಂತು ಈ ಟೂರ್ ಕಟ್ಟಿಕೊಂಡರು. ಸದಸ್ಯತ್ವವಿಲ್ಲದ, ಅಪ್ಪನ ಚೆಕ್‌ಬುಕ್ ಇಲ್ಲದ ಹುಡುಗನಿಗೆ ಅದರಿಂದ ಒಂದು ವೃತ್ತಿ ಸಿಕ್ಕಿತು. ಚಿಕ್ಕರಂಗಪ್ಪ ಅದಕ್ಕೆ ಕಣ್ಣೆದುರಿಗಿನ ಸಾಕ್ಷಿ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಬಳಿ ಈಗಲ್ಟನ್ ಗಾಲ್ಫ್ ಮೈದಾನ. ಅಲ್ಲಿ ಬೇರೆಯವರು ಹೊಡೆದ ಚೆಂಡು ಹೆಕ್ಕುತ್ತಾ ಆಟ ಕಲಿತ ಹುಡುಗನನ್ನು ಕೋಚ್ ವಿಜಯ್ ದಿವೇಚ ಗುರುತಿಸಿ ತಿದ್ದಿದರು. ಇನ್ನೊಬ್ಬ ಗಾಲ್ಫ್ ಆಟಗಾರ ಅನಿರ್ಬಾನ್ ಲಾಹಿರಿಯವರನ್ನು ತಿದ್ದಿದವರೂ ಅವರೇ. 2012ರಲ್ಲಿ ಚಿಕ್ಕರಂಗಪ್ಪ ವೃತ್ತಿಪರರಾದರು, 2015ರಲ್ಲಿ ವರ್ಷದ ಗಳಿಕೆ ಪಟ್ಟಿಯಲ್ಲಿ ಮೊದಲಿಗರಾದರು. ಒಬ್ಬ ಹುಡುಗ ಹಳ್ಳಿಯಿಂದ ಹೊರಟು, ದೇಶದ ಮೊದಲ ಸ್ಥಾನಕ್ಕೆ ಏರಿ, ಮತ್ತೆ ಏಳು ವರ್ಷದ ನಂತರವೂ ಋತುವಿನ ಅತಿ ದೊಡ್ಡ ಪಂದ್ಯ ಗೆಲ್ಲುವಷ್ಟು ಹದವಾಗಿ ಉಳಿದಿದ್ದಾನೆ ಎಂದರೆ ಆ ಹುಡುಗನ ಛಲದ ಜೊತೆಗೆ, ಅವನು ಆಡಲು ಇದ್ದ ಟೂರ್‌ಗೂ ಅದರಲ್ಲಿ ಪಾಲಿದೆ. ವಾರ ವಾರ ಪೈಪೋಟಿ ಇಲ್ಲದಿದ್ದರೆ ಗಾಲ್ಫಿನ ಕೈ ತುಕ್ಕು ಹಿಡಿಯುತ್ತದೆ.

ಆದರೆ ಅದೇ ಜಮ್ಶೆಡ್‌ಪುರದ ಗೆಲುವು ಟೂರ್‌ನ ದೊಡ್ಡ ಕೊರತೆಯನ್ನೂ ಬಯಲಿಗೆ ತಂದಿತು. ಬೇಲ್ಡಿ ಮತ್ತು ಗೋಲ್ಮುರಿ ಮೈದಾನಗಳಲ್ಲಿ ನಡೆದ ಆ ಪಂದ್ಯದ ಒಟ್ಟು ಬಹುಮಾನ 2022ರಲ್ಲಿ 3 ಕೋಟಿ ರೂಪಾಯಿ ಇತ್ತು. ವಿಜೇತರಿಗೆ ಅದರ ಶೇ 15, ಅಂದರೆ 45 ಲಕ್ಷ. ಋತುವಿನ ಉಳಿದ ಬಹುತೇಕ ಪಂದ್ಯಗಳ ಒಟ್ಟು ಬಹುಮಾನ 40–50 ಲಕ್ಷದ ಸುತ್ತಮುತ್ತ ಇತ್ತು. 50 ಲಕ್ಷದ ಪಂದ್ಯ ಗೆದ್ದರೆ ಅದೇ ಲೆಕ್ಕದಲ್ಲಿ ಏಳೂವರೆ ಲಕ್ಷ. ಗುಣಿಸಿ ನೋಡಿ: ಅಂಥ ಆರು ಪಂದ್ಯ ಗೆದ್ದರೂ ಸೇರುವುದು 45 ಲಕ್ಷವೇ. ಜಮ್ಶೆಡ್‌ಪುರದ ನಾಲ್ಕು ದಿನ ಉಳಿದ ಆರು ಊರುಗಳ ಇಪ್ಪತ್ನಾಲ್ಕು ದಿನಕ್ಕೆ ಸಮ. ಆರ್ಡರ್ ಆಫ್ ಮೆರಿಟ್ ಎನ್ನುವುದು ಬೇರೇನೂ ಅಲ್ಲ, ವರ್ಷವಿಡೀ ಗೆದ್ದ ರೂಪಾಯಿಯ ಮೊತ್ತ. ಗಂಡಾಸ್ ಅವರ ವರ್ಷದ ಗಳಿಕೆ 80 ಲಕ್ಷ ದಾಟಿತ್ತು, ಚಿಕ್ಕರಂಗಪ್ಪ ಒಂದೇ ವಾರದಲ್ಲಿ ಅದರ ಅರ್ಧದಷ್ಟನ್ನು ಗಳಿಸಿದರು.

ಆ ವರ್ಷ ಪಟ್ಟಿ ತಪ್ಪು ಉತ್ತರ ಕೊಡಲಿಲ್ಲ, ನಿಜ. ಅತಿ ಹೆಚ್ಚು ಗೆದ್ದವರೇ ಮೊದಲಿಗರಾದರು. ಆದರೆ ಉತ್ತರ ಸರಿಬಂದದ್ದು ಗಂಡಾಸ್ ಅವರ ಆಟ ಅಷ್ಟು ಮುಂದಿದ್ದದ್ದರಿಂದ, ಪಟ್ಟಿ ಚೆನ್ನಾಗಿದ್ದದ್ದರಿಂದಲ್ಲ. ಆರು ಗೆದ್ದವನ ಬದಲು ಮೂರು ಗೆದ್ದವನು ಮುಂದಿದ್ದ ವರ್ಷವಾಗಿದ್ದರೆ, ಇಡೀ ವರ್ಷ ನಡುಸಾಲಿನಲ್ಲಿದ್ದ ಯಾರೋ ಒಬ್ಬರು ಡಿಸೆಂಬರ್‌ನ ಒಂದು ಒಳ್ಳೆಯ ವಾರದಿಂದ ಅವನನ್ನು ದಾಟಿ ಹೋಗಬಹುದಿತ್ತು. ಹತ್ತು ತಿಂಗಳ ಶ್ರಮದ ತೀರ್ಪನ್ನು ಹೀಗೆ ಕೊನೆಯ ವಾರದ ತಕ್ಕಡಿಗೆ ಹಾಕುವುದು ಆಟಕ್ಕೆ ಮಾಡುವ ಅನ್ಯಾಯ.

ಇದಕ್ಕೆ ಎದುರು ಮಾತು ಇದೆ, ಅದು ಹಗುರವಾದದ್ದೂ ಅಲ್ಲ. ದುಡ್ಡಿನ ಲೆಕ್ಕ ಪ್ರಾಮಾಣಿಕ ಎನ್ನುತ್ತಾರೆ. ವೃತ್ತಿಪರ ಆಡುವುದೇ ಹೊಟ್ಟೆಪಾಡಿಗೆ, ಎಷ್ಟು ದುಡಿದ ಎನ್ನುವುದೇ ಅವನ ಅಳತೆ. ದೊಡ್ಡ ಬಹುಮಾನದ ಪಂದ್ಯದಲ್ಲಿ ಒತ್ತಡವೂ ದೊಡ್ಡದು, ಆ ಒತ್ತಡದಲ್ಲಿ ಗೆಲ್ಲುವವನು ಹೆಚ್ಚಿನ ಮಾನ್ಯತೆಗೆ ಅರ್ಹ. ಮೂರು ಕೋಟಿ ಕೊಡುವ ಪ್ರಾಯೋಜಕರ ಪಂದ್ಯವನ್ನೂ ನಲವತ್ತು ಲಕ್ಷದ ಪಂದ್ಯವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಮುಂದಿನ ವರ್ಷ ಆ ಮೂರು ಕೋಟಿ ಬರುತ್ತದೆಯೇ? ಈ ವಾದದ ಕೊನೆಯ ಭಾಗವನ್ನು ನಾನು ಒಪ್ಪುತ್ತೇನೆ. ಜಮ್ಶೆಡ್‌ಪುರದ ಬಹುಮಾನ ಕಡಿಮೆಯಾಗಬೇಕೆಂದು ಯಾರೂ ಬಯಸಬಾರದು, ಉಳಿದವು ಏರಬೇಕು. ಆದರೆ ದುಡ್ಡು ಜೇಬಿಗೆ ಹೋಗಲಿ, ವರ್ಷದ ಶ್ರೇಷ್ಠ ಯಾರೆಂದು ಹೇಳಲು ಅಂಕ ಇರಲಿ. ಯುರೋಪಿನ ಟೂರ್ ತನ್ನ ಋತುವಿನ ಪಟ್ಟಿಯನ್ನು ಯೂರೋಗಳಿಂದ ಅಂಕಗಳಿಗೆ ಬದಲಿಸಿತು. ಅಮೆರಿಕದ ಪಿಜಿಎ ಟೂರ್ ಕೂಡ ಫೆಡೆಕ್ಸ್ ಕಪ್ ಅನ್ನು ಅಂಕದ ಮೇಲೆಯೇ ನಡೆಸುತ್ತದೆ. ದೊಡ್ಡ ಪಂದ್ಯಕ್ಕೆ ಒಂದೂವರೆ ಪಟ್ಟೋ ಎರಡು ಪಟ್ಟೋ ಅಂಕ ಕೊಡಬಹುದು. ಆರು ಪಟ್ಟು ಮಾತ್ರ ಯಾವ ತರ್ಕಕ್ಕೂ ನಿಲ್ಲುವುದಿಲ್ಲ.

ಆ ಋತುವಿನ ಇನ್ನೊಂದು ಕೊರತೆಯನ್ನು ಟೂರ್‌ನ ತಲೆಗೆ ಕಟ್ಟಲಾಗದು. 2020, 2021ರಂತೆ 2022ರಲ್ಲೂ ಇಂಡಿಯನ್ ಓಪನ್ ನಡೆಯಲಿಲ್ಲ. ಕೋವಿಡ್ ನಮ್ಮ ಗಾಲ್ಫಿನಿಂದ ಕಿತ್ತುಕೊಂಡದ್ದರಲ್ಲಿ ಇದೇ ದೊಡ್ಡದು. ಹೊರಗಿನ ಒಳ್ಳೆಯ ಆಟಗಾರರ ಜೊತೆ ಮನೆಯ ನೆಲದಲ್ಲಿ ಸೆಣಸುವ ವರ್ಷದ ಒಂದು ವಾರ ಅದು. ಗುರುಗ್ರಾಮದ ಡಿಎಲ್ಎಫ್ ಮೈದಾನದಂಥ ಕಠಿಣ ನೆಲದಲ್ಲಿ ನಮ್ಮ ಹುಡುಗರಿಗೆ ತಾವು ಎಲ್ಲಿದ್ದೇವೆಂದು ತಿಳಿಯುವ ಸಂದರ್ಭ. ಅದು ಮೂರು ವರ್ಷ ಇಲ್ಲವಾಯಿತು. ಗ್ಯಾರಿ ಪ್ಲೇಯರ್ ಹೊಸದಾಗಿ ರೂಪಿಸಿದ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ 2022ರ ಮಾರ್ಚ್‌ನಲ್ಲಿ ಏಷ್ಯನ್ ಟೂರ್ ಜೊತೆ ಸೇರಿ ನಡೆದ ಡಿಜಿಸಿ ಓಪನ್ ಸ್ವಲ್ಪ ಮಟ್ಟಿಗೆ ಆ ಜಾಗ ತುಂಬಿತು. ಥಾಯ್ಲೆಂಡಿನ ನಿತಿಥೋರ್ನ್ ಥಿಪ್ಪಾಂಗ್ ಗೆದ್ದರು. ಚಂಡೀಗಢದ ಅಜಿತೇಶ್ ಸಂಧು ಎರಡನೆಯವರಾದರು. ಥಾಯ್ಲೆಂಡಿನ ಆಟಗಾರರು ನಮ್ಮವರಿಗಿಂತ ಬಲಿಷ್ಠರೇನೂ ಅಲ್ಲ, ಆದರೆ ಒತ್ತಡದ ಪಂದ್ಯಗಳು ಅವರಿಗೆ ಮನೆಯಲ್ಲೇ ಹೆಚ್ಚು ಸಿಗುತ್ತವೆ. ಆ ವ್ಯತ್ಯಾಸ ಕೊನೆಯ ಕುಳಿಗಳಲ್ಲಿ ಕಾಣುತ್ತದೆ.

ಅದೇ ಮಾರ್ಚ್ ತಿಂಗಳಲ್ಲಿ ಫ್ಲಾರಿಡಾದಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ ಅನಿರ್ಬಾನ್ ಲಾಹಿರಿ, ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್‌ಗೆ ಒಂದೇ ಒಂದು ಹೊಡೆತದಿಂದ ಸೋತು ಎರಡನೆಯವರಾದರು. ಅವರಿಗೆ ಸಿಕ್ಕಿದ್ದು 21 ಲಕ್ಷ 80 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ 16 ಕೋಟಿ ರೂಪಾಯಿಗೂ ಹೆಚ್ಚು. ಲಾಹಿರಿ ಬೆಂಗಳೂರಿನಲ್ಲಿ ಹದಗೊಂಡ ಆಟಗಾರ, ಇದೇ ಪಿಜಿಟಿಐಯ ನೆಲದಿಂದ ಮೇಲೆದ್ದವರು. ಒಂದೇ ವರ್ಷ, ಒಂದೇ ಟೂರ್‌ನಿಂದ ಬಂದ ಇಬ್ಬರು: ಒಬ್ಬರು ಒಂದು ವಾರ ಎರಡನೆಯವರಾಗಿ 16 ಕೋಟಿ, ಇನ್ನೊಬ್ಬರು ವರ್ಷವಿಡೀ ಆರು ಸಲ ಮೊದಲಿಗರಾಗಿ ಕೋಟಿಯನ್ನೂ ಮುಟ್ಟಲಿಲ್ಲ. ಮತ್ಸರಪಡಲು ಈ ಹೋಲಿಕೆ ಮಾಡುತ್ತಿಲ್ಲ. ಇಲ್ಲಿಂದ ಅಲ್ಲಿಗೆ ನಡುವೆ ಎಷ್ಟು ದೊಡ್ಡ ಕಂದಕವಿದೆ, ಅದನ್ನು ದಾಟಲು ಮೆಟ್ಟಿಲು ಎಷ್ಟಿವೆ ಎನ್ನುವುದನ್ನು ಈ ಸಂಖ್ಯೆಗಳು ತೋರಿಸುತ್ತವೆ.

ಮೇಲಿನವರ ಮಾತು ಹೀಗಾದರೆ, ಕೆಳಗಿನವರದು? ಎರಡು ಸುತ್ತಿನ ನಂತರ ಮೇಲಿನ ಐವತ್ತು ಜನ, ಸಮಬಲರಿದ್ದರೆ ಅವರೂ ಸೇರಿ, ಕಟ್ ದಾಟುತ್ತಾರೆ. ಉಳಿದವರಿಗೆ ಒಂದು ರೂಪಾಯಿಯೂ ಇಲ್ಲ. ಆಡಲು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ರತಿ ವಾರ ಬರಿಗೈಯಲ್ಲಿ ಹೊರಡುತ್ತಾರೆ, ಪ್ರವೇಶ ಶುಲ್ಕ, ರೈಲು ಅಥವಾ ವಿಮಾನದ ದರ, ಹೋಟೆಲ್ ಬಾಡಿಗೆ, ಕ್ಯಾಡಿಯ ಕೂಲಿ ಎಲ್ಲ ಕೈಯಿಂದ ಕೊಟ್ಟು. ಕಟ್ ದಾಟಿದವರ ಸ್ಥಿತಿಯೂ ಅಷ್ಟಕ್ಕಷ್ಟೇ. 50 ಲಕ್ಷದಲ್ಲಿ ಏಳೂವರೆ ಲಕ್ಷ ಮೊದಲಿಗರಿಗೆ ಹೋದರೆ ಉಳಿದ ನಲವತ್ತೆರಡೂವರೆ ಲಕ್ಷವನ್ನು ಸುಮಾರು ಐವತ್ತು ಜನ ಹಂಚಿಕೊಳ್ಳಬೇಕು. ಸಮನಾಗಿ ಹಂಚಿದರೂ ತಲಾ 85 ಸಾವಿರ. ಹಂಚಿಕೆ ಸಮನಲ್ಲ, ಮೇಲಿನ ಹತ್ತು ಜನರಿಗೆ ಸಿಂಹಪಾಲು. ಮೂವತ್ತನೆಯವನಿಗೆ, ನಲವತ್ತನೆಯವನಿಗೆ ಆ ವಾರದ ಖರ್ಚು ಹುಟ್ಟಿದರೆ ಸಮಾಧಾನ. ತೆರಿಗೆ ಬೇರೆ. ಬೇಸಿಗೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪಂದ್ಯಗಳೇ ಇರುವುದಿಲ್ಲ. ಆಗ ಮೈದಾನಗಳಲ್ಲಿ ಸದಸ್ಯರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಮನೆ ನಡೆಸುವ ಆಟಗಾರರಿದ್ದಾರೆ. ಇಷ್ಟಾದರೂ ಮತ್ತೆ ಮುಂದಿನ ಮಂಗಳವಾರ ಬೆಳಿಗ್ಗೆ ಆರೂವರೆಗೆ ಟೀಯಲ್ಲಿ ನಿಂತು ಮೊದಲ ಹೊಡೆತ ಹೊಡೆಯುವ ಈ ನಡುಸಾಲಿನವರೇ ಟೂರ್‌ನ ಜೀವ. ಅವರು ಬಿಟ್ಟುಹೋದರೆ ಗಂಡಾಸ್ ಅವರಿಗೆ ಗೆಲ್ಲಲು ಎದುರಾಳಿಗಳೇ ಇರುವುದಿಲ್ಲ. 2022ರ ಋತುವಿನ ವಿವರ ಬರೆದವರಲ್ಲಿ ಇವರ ಬಗ್ಗೆ ಬರೆದವರು ತೀರ ಕಡಿಮೆ. ಒಂದು ಟೂರ್ ಆರೋಗ್ಯವಾಗಿದೆಯೇ ಎಂದು ತಿಳಿಯಲು ನಾನು ಮೊದಲನೆಯವನನ್ನು ನೋಡುವುದಿಲ್ಲ, ನಲವತ್ತನೆಯವನು ಮುಂದಿನ ವರ್ಷವೂ ಆಡುತ್ತಾನೆಯೇ ಎಂದು ನೋಡುತ್ತೇನೆ. ಕಟ್ ತಪ್ಪಿದವರಿಗೂ ಪ್ರಯಾಣ ಖರ್ಚಿನಷ್ಟಾದರೂ ಕೊಡುವ ವ್ಯವಸ್ಥೆ ಬರಬೇಕು. ವಿಜೇತರ ಶೇ 15ರಲ್ಲಿ ಒಂದೆರಡು ಪಾಲು ಕಡಿಮೆಯಾದರೂ ಚಿಂತೆಯಿಲ್ಲ.

ಮಹಿಳೆಯರ ಟೂರ್ ಇದರಿಂದ ಬೇರೆ, ಅದರ ಆಡಳಿತವೂ ಬೇರೆ, ಬಹುಮಾನವಂತೂ ಇನ್ನೂ ಸಣ್ಣದು. ಆದರೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಹಿಳೆಯರ ಇಂಡಿಯನ್ ಓಪನ್ ಡಿಎಲ್ಎಫ್‌ಗೆ ಮರಳಿತು, ಜರ್ಮನಿಯ ಒಲಿವಿಯಾ ಕೋವನ್ ಗೆದ್ದರು, ನಮ್ಮ ಅಮನ್‌ದೀಪ್ ಡ್ರಾಲ್ ಎರಡನೆಯವರಾದರು. ಅದಕ್ಕೂ ಒಂದು ವರ್ಷ ಮೊದಲು ಟೋಕಿಯೊದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಾಗ, ಗಾಲ್ಫ್ ಎಂದರೇನೆಂದು ಗೊತ್ತಿಲ್ಲದವರೂ ಬೆಳಗಿನ ಜಾವ ಎದ್ದು ಟಿವಿ ಹಾಕಿದ್ದರು. ತೋರಿಸಿದರೆ ಜನ ನೋಡುತ್ತಾರೆ ಎನ್ನಲು ಅದಕ್ಕಿಂತ ಬೇರೆ ಪುರಾವೆ ಬೇಡ. ಪುರುಷರ ಟೂರ್ ಆ ಪುರಾವೆಯನ್ನು ಕಣ್ಣೆದುರಿಟ್ಟುಕೊಂಡೂ ಮರುವರ್ಷ ಮಂಗಳವಾರದಿಂದ ಶುಕ್ರವಾರಕ್ಕೇ ಅಂಟಿಕೊಂಡಿತು.

ಇನ್ನು ಆ ಋತುವಿನ ದೊಡ್ಡ ಹೊಸತು: ಯುರೋಪಿನ ಡಿಪಿ ವರ್ಲ್ಡ್ ಟೂರ್ ಜೊತೆಗಿನ ಒಪ್ಪಂದ. ಪಿಜಿಟಿಐ ಪಟ್ಟಿಯ ಮೊದಲಿಗರಿಗೆ ಮುಂದಿನ ವರ್ಷ ಅಲ್ಲಿ ಆಡಲು ಕಾರ್ಡ್. ಗಂಡಾಸ್ ಅದನ್ನು ಪಡೆದ ಮೊದಲಿಗರು. ಕೇಳಲು ಇದು ಬಹಳ ಒಳ್ಳೆಯ ಸುದ್ದಿ, ಹಿಂದೆ ಎಷ್ಟೋ ಪ್ರತಿಭಾವಂತರು ಕ್ವಾಲಿಫೈಯಿಂಗ್ ಸ್ಕೂಲ್ ಎಂಬ ಅರ್ಹತಾ ಪಂದ್ಯಗಳ ಬಾಗಿಲಲ್ಲೇ ವರ್ಷಗಳನ್ನು ಕಳೆದದ್ದನ್ನು ನೆನೆದರೆ ಇದು ನಿಜಕ್ಕೂ ದೊಡ್ಡ ಗಳಿಕೆ. ಆದರೆ 2023ರಲ್ಲಿ ಗಂಡಾಸ್ ಅವರಿಗೆ ಅಲ್ಲಿ ನೆಲೆ ನಿಲ್ಲಲಾಗಲಿಲ್ಲ, ಕಾರ್ಡ್ ಉಳಿಯಲಿಲ್ಲ. ಅವರ ನಂತರ ಹೋದ ಓಂ ಪ್ರಕಾಶ್ ಚೌಹಾಣ್ ಅವರಿಗೂ ಉಳಿಸಿಕೊಳ್ಳಲಾಗಲಿಲ್ಲ. ಇದನ್ನು ಇಬ್ಬರ ವೈಯಕ್ತಿಕ ಸೋಲು ಎಂದು ಓದುವುದು ಅವಸರದ ತೀರ್ಮಾನ. ದೋಷ ಮೆಟ್ಟಿಲುಗಳಲ್ಲಿದೆ.

ನಮ್ಮ ಹಳೆಯ ಕ್ಲಬ್ಬುಗಳ ಮೈದಾನಗಳು ಸಾಲುಮರಗಳ ನಡುವೆ ಹಾಯುವ ಕಿರಿದಾದ, ಬಹಳ ಉದ್ದವಲ್ಲದ ನೆಲಗಳು. ಇಲ್ಲಿ ಗೆಲ್ಲುವುದು ನೇರ ಹೊಡೆತ, ಚುರುಕಾದ ಸಣ್ಣ ಆಟ, ಒಂದರ ಮೇಲೊಂದು ಬರ್ಡಿ, ಅಂದರೆ ಕುಳಿಗೆ ನಿಗದಿಯಾದ ಹೊಡೆತಕ್ಕಿಂತ (ಪಾರ್) ಒಂದು ಕಡಿಮೆ. ನಾಲ್ಕು ದಿನದಲ್ಲಿ ಪಾರ್‌ಗಿಂತ ಹದಿನೈದು, ಇಪ್ಪತ್ತು ಕಡಿಮೆ ಹೊಡೆದು ಗೆಲ್ಲುವುದು ಮಾಮೂಲು. ಸದಸ್ಯರು ಮಾರನೆಯ ದಿನ ಆಡಬೇಕಾದ ಮೈದಾನದಲ್ಲಿ ರಫ್ ಮೊಣಕಾಲೆತ್ತರಕ್ಕೆ ಬೆಳೆಸುವಂತಿಲ್ಲ, ಗ್ರೀನನ್ನು ಗಾಜಿನಷ್ಟು ವೇಗ ಮಾಡುವಂತಿಲ್ಲ. ಯುರೋಪಿನ ಟೂರ್‌ನಲ್ಲಿಯೋ ಗಾಳಿ ಅಡ್ಡ ಬೀಸುತ್ತದೆ, ನೆಲ ಗಟ್ಟಿ, ಚೆಂಡು ಬಿದ್ದಲ್ಲಿ ನಿಲ್ಲುವುದಿಲ್ಲ, ಕೆಲವು ವಾರ ಪಾರ್ ಉಳಿಸಿಕೊಂಡವನೇ ಜಾಣ. ಇಲ್ಲಿ ಬರ್ಡಿ ಬೇಟೆ ಕಲಿತವನು ಅಲ್ಲಿ ಬೋಗಿ (ಪಾರ್‌ಗಿಂತ ಒಂದು ಹೆಚ್ಚು) ತಪ್ಪಿಸುವ ಬೇರೊಂದೇ ವಿದ್ಯೆ ಕಲಿಯಬೇಕು, ಅದೂ ಪ್ರತಿ ವಾರ ಹೊಸ ದೇಶದಲ್ಲಿ, ಹೊಸ ಹುಲ್ಲಿನ ಮೇಲೆ, ತನ್ನದೇ ಖರ್ಚಿನಲ್ಲಿ. ಕಾರ್ಡ್ ಇದ್ದ ಮಾತ್ರಕ್ಕೆ ಎಲ್ಲ ದೊಡ್ಡ ಪಂದ್ಯಗಳಿಗೂ ಪ್ರವೇಶ ಸಿಗುವುದಿಲ್ಲ, ಹಾಗಾಗಿ ಯಾವ ವಾರ ಆಡುತ್ತೇನೆ, ಯಾವ ವಾರ ಕಾಯುತ್ತೇನೆ ಎನ್ನುವ ಅನಿಶ್ಚಿತತೆ ಬೇರೆ. ಆರು ಪಂದ್ಯ ಗೆದ್ದು ಬಂದ ಆತ್ಮವಿಶ್ವಾಸವನ್ನು ಕರಗಿಸಲು ಐದು ಕಟ್ ತಪ್ಪಿದರೆ ಸಾಕು. ಬಹುಮಾನವಾಗಿ ಕೊಟ್ಟದ್ದು ಪರೀಕ್ಷೆಯಾಗಿಬಿಟ್ಟಿತು, ಪರೀಕ್ಷೆಗೆ ಬೇಕಾದ ಪಾಠ ಮಾತ್ರ ಆಗಿರಲಿಲ್ಲ.

ಆ ಪಾಠ ಎಲ್ಲಿ ಸಿಗಬಹುದೆಂದು ಮರುವರ್ಷವೇ ಕಾಣಿಸಿತು. ಯುರೋಪಿನ ಎರಡನೇ ಹಂತದ ಚಾಲೆಂಜ್ ಟೂರ್ 2023ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲೂ ಒಂದು ಪಂದ್ಯ ನಡೆಯಿತು, ಫ್ರಾನ್ಸಿನ ಯೂಗೊ ಕುಸ್ಸೊ ಗೆದ್ದರು. ಅದೇ ಸರಣಿಯ ಡಂಕನ್ ಟೇಲರ್ ಬ್ಲ್ಯಾಕ್ ಬುಲ್ ಚಾಲೆಂಜ್ ಪಂದ್ಯವನ್ನು ಮಹೂವಿನ ಓಂ ಪ್ರಕಾಶ್ ಚೌಹಾಣ್ ಗೆದ್ದರು. ಮುಕೇಶ್ ಕುಮಾರ್ ಅವರ ಊರಿನವರೇ, ದಂಡಿನ ಮೈದಾನದಲ್ಲೇ ಆಟ ಕಲಿತವರು. ಯುರೋಪಿನ ಹುಡುಗರನ್ನು ನಮ್ಮ ಬಿಸಿಲಿನಲ್ಲಿ, ನಮ್ಮ ನೆಲದಲ್ಲಿ ಎದುರಿಸಿ ಗೆದ್ದ ಈ ಪಂದ್ಯ ಜಮ್ಶೆಡ್‌ಪುರದ ಮೂರು ಕೋಟಿಗಿಂತ ಟೂರ್‌ಗೆ ಹೆಚ್ಚು ಬೆಲೆಯದು ಎಂಬುದು ನನ್ನ ಎಣಿಕೆ. ಇಂಥವು ವರ್ಷಕ್ಕೆ ಎರಡಲ್ಲ, ಐದಾರು ಆಗಬೇಕು, ಡಿಎಲ್ಎಫ್‌ನಂಥ ಕಷ್ಟದ ಮೈದಾನಗಳಲ್ಲಿ ಆಗಬೇಕು, ಗುರುವಾರ ಶುರುವಾಗಿ ಭಾನುವಾರ ಮುಗಿಯಬೇಕು. ಆದರೆ ಚೌಹಾಣ್ ಗೆದ್ದ ಆ ಪಂದ್ಯದ ಬಹುಮಾನ ಡಾಲರ್ ಲೆಕ್ಕದ್ದು. ಮನೆಯ ಪಂದ್ಯಗಳ ಹಲವು ಪಟ್ಟು. ಅದು ರೂಪಾಯಿಗೆ ಬದಲಾಗಿ ಪಿಜಿಟಿಐ ಪಟ್ಟಿಗೆ ಸೇರಿದಾಗ ಮತ್ತೊಂದು ವರ್ಷವೂ ಒಂದೇ ವಾರ ಉಳಿದ ವಾರಗಳನ್ನು ನುಂಗಿತು. ಆ ವರ್ಷ ಮೊದಲ ಸ್ಥಾನದ ಗಳಿಕೆ ಕೋಟಿ ದಾಟಿತು, ಸಂಭ್ರಮವೂ ಆಯಿತು. ಗೆಲುವಿಗೆ ಎಷ್ಟು ಅಂಕ ಎನ್ನುವ ಪ್ರಶ್ನೆಯನ್ನು ಮಾತ್ರ ಟೂರ್ ಇನ್ನೂ ಎತ್ತಿಕೊಂಡಿರಲಿಲ್ಲ.